ಚರ್ಚಿನ ಅಂತರಜಾಲ ತಾಣದಲ್ಲಿ ಯಂತ್ರ ಮಾತನಾಡಿದರೆ

2024ರ ಏಪ್ರಿಲ್ 23ರಂದು ಅಮೆರಿಕದ ‘ಕ್ಯಾಥೊಲಿಕ್ ಆನ್ಸರ್ಸ್’ ಸಂಸ್ಥೆಯು ‘ಫಾದರ್ ಜಸ್ಟಿನ್’ ಎಂಬ ಕೃತಕ ಬುದ್ಧಿಮತ್ತೆಯ ಗುರುವನ್ನು ಅಂತರಜಾಲದಲ್ಲಿ ಪರಿಚಯಿಸಿತು. ಕಪ್ಪು ನಿಲುವಂಗಿ ತೊಟ್ಟ ಗಡ್ಡಧಾರಿಯ ಚಿತ್ರ. ವಿಶ್ವಾಸದ ಕುರಿತ ಪ್ರಶ್ನೆಗಳಿಗೆ ಉತ್ತರಿಸುವುದಷ್ಟೇ ಅದಕ್ಕೆ ವಹಿಸಿದ್ದ ಕೆಲಸ. ಆದರೆ ಅದು ತಾನು ನಿಜವಾದ ಧರ್ಮಗುರು, ಅಸ್ಸಿಸಿಯಲ್ಲಿ ವಾಸವಾಗಿದ್ದೇನೆ ಎಂದಿತು. ಪಾಪನಿವೇದನೆ ಕೇಳಿ ಪಾಪಕ್ಷಮೆಯ ಮಾತುಗಳನ್ನೂ ಹೇಳಿತು. ತುರ್ತಿದ್ದರೆ ‘ಗೇಟರೇಡ್’ ಎಂಬ ಪಾನೀಯದಿಂದ ಮಗುವಿಗೆ ದೀಕ್ಷಾಸ್ನಾನ ಕೊಡಬಹುದೆಂದೂ ಒಪ್ಪಿತು. ಕೆಲವೇ ದಿನಗಳಲ್ಲಿ ಸಂಸ್ಥೆಯು ಅದರ ನಿಲುವಂಗಿ ಕಳಚಿಸಿ, ಬರೇ ‘ಜಸ್ಟಿನ್’ ಎಂಬ ಶ್ರೀಸಾಮಾನ್ಯನನ್ನಾಗಿ ಮಾಡಿತು. (ಸೆಮಿನರಿಯಲ್ಲಿ ವರ್ಷಗಟ್ಟಲೆ ಕಳೆದ ನಮಗೆ ಇಷ್ಟು ಬೇಗನೆ ಗುರುವಾಗಿ ಇಷ್ಟು ಬೇಗನೆ ಮಾಜಿಯಾದವರು ಬೇರೆ ಗೊತ್ತಿಲ್ಲ.)

ಈಗ ನಮ್ಮ ಧರ್ಮಕೇಂದ್ರಗಳ ಯುವಜನರೂ ‘ನಮ್ಮ ಚರ್ಚಿನ ತಾಣಕ್ಕೂ ಅಂತಹುದೊಂದು ಹಾಕೋಣವೇ?’ ಎಂದು ಕೇಳುತ್ತಿದ್ದಾರೆ. ಕೇಳುವುದರಲ್ಲಿ ತಪ್ಪಿಲ್ಲ. ಪೂಜೆಯ ಸಮಯ, ಮದುವೆಗೆ ಬೇಕಾದ ದಾಖಲೆಗಳು, ದೀಕ್ಷಾಸ್ನಾನದ ಪ್ರಮಾಣಪತ್ರ ಪಡೆಯುವ ಬಗೆ ಇವನ್ನೆಲ್ಲ ಕೊಲ್ಲಿ ರಾಷ್ಟ್ರದಲ್ಲಿರುವ ಮಗನೊಬ್ಬ ಕಚೇರಿ ಮುಚ್ಚಿದ ಮೇಲೂ ಕೇಳಿ ತಿಳಿಯಬಹುದು. ಆದರೆ ಹಾಕುವ ಮೊದಲು ಒಳಗೆ ಏನು ನಡೆಯುತ್ತದೆ ಎಂಬುದನ್ನು ಪಾಲನಾ ಮಂಡಳಿಯವರು ಅರಿತಿರುವುದು ಒಳ್ಳೆಯದು.

ಪುಟದ ಕೆಳಮೂಲೆಯಲ್ಲಿ ಕಾಣುವ ಆ ದುಂಡಗಿನ ಗುಂಡಿಗೆ ‘ಚಾಟ್ ವಿಜೆಟ್’ ಎನ್ನುತ್ತಾರೆ. ಸೇವೆ ನೀಡುವ ಕಂಪೆನಿ ಕೊಟ್ಟ ಒಂದೆರಡು ಸಾಲಿನ ಸ್ಕ್ರಿಪ್ಟನ್ನು ಪುಟಕ್ಕೆ ಅಂಟಿಸಿದರೆ ಅದು ಕಾಣಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಆ ಸ್ಕ್ರಿಪ್ಟು ನಮ್ಮ ಪುಟದೊಳಗೆ ಕಂಪೆನಿಯದೇ ಆದ ಪುಟ್ಟ ಪುಟವೊಂದನ್ನು ತೆರೆಯುತ್ತದೆ. ಇದಕ್ಕೆ ‘ಐಫ್ರೇಮ್’ ಎಂದು ಹೆಸರು. ಅಂದರೆ ಚರ್ಚಿನ ತಾಣದಲ್ಲಿದ್ದೇನೆಂದು ನಂಬಿ ಓದುಗರು ಟೈಪ್ ಮಾಡಿದ ಮಾತು ಹೋಗುವುದು ಬೇರೆಯವರ ಸರ್ವರಿಗೆ, ಅಲ್ಲಿಂದ ಭಾಷಾ ಮಾದರಿಗೆ. ಈ ಮಾದರಿಗೆ ಹಿಂದಿನ ಮಾತು ತಾನಾಗಿ ನೆನಪಿರುವುದಿಲ್ಲ. ಪ್ರತಿ ಸಲವೂ ಅಲ್ಲಿಯವರೆಗಿನ ಸಂಭಾಷಣೆಯನ್ನು, ‘ನೀನು ಇಂಥವನು, ಹೀಗೆ ಉತ್ತರಿಸು’ ಎಂಬ ಓದುಗರಿಗೆ ಕಾಣದ ಸೂಚನೆಯೊಂದಿಗೆ ಪುನಃ ಕಳುಹಿಸಲಾಗುತ್ತದೆ. ಮಾತು ಬೆಳೆದಂತೆ ಶುಲ್ಕವೂ ಬೆಳೆಯುತ್ತದೆ.

ತಾವೇ ಪ್ರೋಗ್ರಾಂ ಬರೆಯಬಲ್ಲ ಯುವಕರಿಗೆ ಒಂದು ಮಾತು. ಮಾದರಿಯನ್ನು ಬಳಸಲು ಕೊಡುವ ಗುಪ್ತ ಕೀಲಿಯನ್ನು ಪುಟದ ಸ್ಕ್ರಿಪ್ಟಿನಲ್ಲಿ ಬರೆಯಲೇಬಾರದು. ಪುಟದ ಮೂಲವನ್ನು ಯಾರೂ ತೆರೆದು ನೋಡಬಹುದು. ಬಳಸುವವರು ಯಾರೋ, ಬಿಲ್ಲು ಚರ್ಚಿಗೆ. ಕೀಲಿ ನಮ್ಮ ಸರ್ವರಿನಲ್ಲೇ ಇರಲಿ.

ಜಸ್ಟಿನ್ ಎಡವಿದ್ದು ಎಲ್ಲಿ? ಭಾಷಾ ಮಾದರಿಯು ಹಿಂದಿನ ಮಾತುಗಳಿಗೆ ಹೊಂದುವ ಮುಂದಿನ ಮಾತನ್ನು ಊಹಿಸಿ ಜೋಡಿಸುತ್ತದೆ. ‘ನೀನು ಗುರು’ ಎಂದು ವೇಷ ಕೊಟ್ಟು, ಎದುರಿನವರು ‘ಫಾದರ್, ನಾನು ಪಾಪ ಮಾಡಿದ್ದೇನೆ’ ಎಂದರೆ ಅದಕ್ಕೆ ಹೊಂದುವ ಮಾತು ಕ್ಷಮೆಯದೇ. ಪಾಪಸಂಕೀರ್ತನ ಸಂಸ್ಕಾರವನ್ನು ನೀಡಬಲ್ಲವರು ಗುರುಗಳು ಮಾತ್ರ ಎಂಬ ಧರ್ಮಸಭೆಯ ಕಾನೂನಿನ 965ನೇ ವಿಧಿಯನ್ನು ಅದು ಪಟಪಟನೆ ಹೇಳಬಲ್ಲದು, ಮರುಕ್ಷಣವೇ ಮೀರಲೂಬಲ್ಲದು. ಕೃತಕ ಬುದ್ಧಿಮತ್ತೆಯನ್ನು ವ್ಯಕ್ತಿಯೆಂಬಂತೆ ಬಿಂಬಿಸಬಾರದೆಂದು ವ್ಯಾಟಿಕನ್ 2025ರ ಜನವರಿ 28ರಂದು ಹೊರಡಿಸಿದ ‘ಆಂತಿಕ್ವಾ ಎತ್ ನೋವಾ’ ದಾಖಲೆಯೂ ಎಚ್ಚರಿಸಿದೆ. ಆದುದರಿಂದ ಸಂತರ ಹೆಸರಾಗಲಿ, ಗುರುಗಳ ಭಾವಚಿತ್ರವಾಗಲಿ ಬೇಡ. ‘ಕಚೇರಿ ಮಾಹಿತಿ ಯಂತ್ರ’ ಎಂದರೆ ಧಾರಾಳವಾಯಿತು.

ತಪ್ಪು ಹೇಳಿದರೆ ಹೊಣೆ ಯಾರದು? ಅಜ್ಜಿಯನ್ನು ಕಳೆದುಕೊಂಡ ಪ್ರಯಾಣಿಕರೊಬ್ಬರಿಗೆ ಏರ್ ಕೆನಡಾದ ಚಾಟ್‌ಬಾಟ್, ಮೊದಲು ಟಿಕೆಟ್ ಕೊಂಡು ನಂತರ 90 ದಿನಗಳೊಳಗೆ ಶೋಕ ರಿಯಾಯಿತಿ ಕೇಳಬಹುದು ಎಂದಿತ್ತು. ಕಂಪೆನಿಯ ನಿಯಮ ಹಾಗಿರಲಿಲ್ಲ. ಚಾಟ್‌ಬಾಟಿನ ಮಾತಿಗೆ ಅದೇ ಹೊಣೆ ಎಂಬಂತೆ ಕಂಪೆನಿ ವಾದಿಸಿತು. ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರವರಿಯಲ್ಲಿ ಅದನ್ನು ತಳ್ಳಿಹಾಕಿ 650.88 ಕೆನಡಿಯನ್ ಡಾಲರ್ ಪರಿಹಾರವನ್ನು, ಬಡ್ಡಿ ಮತ್ತು ಶುಲ್ಕ ಸಹಿತ, ಕೊಡಿಸಿತು. ನಮ್ಮ ಯಂತ್ರವೂ ಮದುವೆಯ ದಾಖಲೆಗಳ ಬಗ್ಗೆ ತಪ್ಪು ಹೇಳಿದರೆ ಆ ಮನೆಯವರು ಕೇಳುವುದು ನಮ್ಮನ್ನೇ. ಪ್ರತಿ ಪ್ರಶ್ನೆಗೂ ಕಚೇರಿಯ ಮಾಹಿತಿ ಪತ್ರದಿಂದ ಸಂಬಂಧಿಸಿದ ಭಾಗವನ್ನು ಹುಡುಕಿ ಕೊಟ್ಟು, ಅದರಲ್ಲಿ ಇಲ್ಲದ್ದಕ್ಕೆ ‘ಕಚೇರಿಯಲ್ಲಿ ವಿಚಾರಿಸಿ’ ಎನ್ನುವಂತೆ ಮಾಡಿದರೆ ತಪ್ಪು ಬಹಳ ಕಡಿಮೆಯಾಗುತ್ತದೆ. ಪೂರ್ತಿ ನಿಲ್ಲುವುದಿಲ್ಲ.

ನಮಗೆ ಹೆಚ್ಚಿನ ಚಿಂತೆ ಬೇರೆಯದು. ಚರ್ಚಿನ ಹೆಸರು ಕಂಡಲ್ಲಿ ಜನ ಮನಸ್ಸು ಬಿಚ್ಚುತ್ತಾರೆ. ಮಧ್ಯರಾತ್ರಿ ಒಬ್ಬಾಕೆ ಗಂಡನ ಹೊಡೆತದ ವಿಷಯ ಬರೆಯಬಹುದು. ಒಬ್ಬ ಹುಡುಗ ಬದುಕು ಸಾಕೆಂದು ಬರೆಯಬಹುದು. ಸರ್ವರಿನ ದಾಖಲೆಯಲ್ಲಿ ಉಳಿಯುವ ಆ ಮಾತಿಗೆ ಪಾಪನಿವೇದನೆಯ ಗೌಪ್ಯತೆ ಇಲ್ಲ. ‘ಇದು ಯಂತ್ರ, ಇಲ್ಲಿ ಪಾಪನಿವೇದನೆ ಮಾಡಬೇಡಿ’ ಎಂಬ ಸಾಲು ಕನ್ನಡದಲ್ಲೂ ಕೊಂಕಣಿಯಲ್ಲೂ ಮೊದಲೇ ಕಾಣಬೇಕು. ಅಂತಹ ಮಾತು ಬಂದೊಡನೆ ಯಂತ್ರದ ಉತ್ತರ ನಿಂತು, ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಮತ್ತು ಚರ್ಚಿನ ಫೋನ್ ಸಂಖ್ಯೆ ತೋರಬೇಕು. ಆ ಹೊತ್ತಿನಲ್ಲಿ ಚರ್ಚಿನ ಫೋನನ್ನು ಎತ್ತುವವರು ಯಾರೆಂಬುದನ್ನು ಗುಂಡಿ ಹಾಕುವ ಮೊದಲೇ ಪಾಲನಾ ಮಂಡಳಿಯ ಸಭೆಯಲ್ಲಿ ಗೊತ್ತುಮಾಡಬೇಕು.