ಮಾರ್ಟೇನ್ ಕಾಳಗದಲ್ಲಿ ಟೈಫೂನ್ ವಿಮಾನಗಳು: ಲೆಕ್ಕವೂ ಪರಿಣಾಮವೂ

ಭೂಸೇನೆಯ ನೆರವಿಗೆ ಹಾರಿದ ವಿಮಾನದಳಗಳ ಯುದ್ಧವೃತ್ತಾಂತಗಳನ್ನು ಓದುವಾಗ ಶತ್ರುವಿನ ನಷ್ಟವನ್ನು ತಿಳಿಸುವ ದೊಡ್ಡ ಅಂಕಿಗಳು ನಮಗೆ ಎದುರಾಗುತ್ತವೆ. ಅವು ಎಷ್ಟರಮಟ್ಟಿಗೆ ನಂಬತಕ್ಕವು? ಅಂಕಿಗಳು ಸುಳ್ಳೆಂದು ತೋರಿಬಂದರೆ ಆ ದಳಗಳ ಕಾರ್ಯವೂ ವ್ಯರ್ಥವಾಯಿತೆಂದು ಹೇಳಬಹುದೆ? ಈ ಎರಡು ಪ್ರಶ್ನೆಗಳನ್ನು ಫ್ರಾನ್ಸಿನ ನಾರ್ಮಂಡಿಯಲ್ಲಿ 1944ರ ಆಗಸ್ಟ್ 7ರಂದು ನಡೆದ ಮಾರ್ಟೇನ್ ಕಾಳಗದ ಆಧಾರದಿಂದ ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಬ್ರಿಟನ್ನಿನ ಹಾಕರ್ ಸಂಸ್ಥೆಯ ಟೈಫೂನ್ ವಿಮಾನವು 1941ರಲ್ಲಿ ವಾಯುಪಡೆಯನ್ನು ಸೇರಿತು. ಶತ್ರುವಿಮಾನಗಳನ್ನು ಆಕಾಶದಲ್ಲಿ ತಡೆಯಲೆಂದು ಅದನ್ನು ರೂಪಿಸಿದ್ದರು. ಆದರೆ ಬಹಳ ಎತ್ತರದಲ್ಲಿ ಅದರ ಸಾಮರ್ಥ್ಯ ಸಾಲದಾಯಿತು. ಕೆಳಮಟ್ಟದಲ್ಲಿ ಮಾತ್ರ ಅದು ಅತಿವೇಗಿಯೂ ಬಲಶಾಲಿಯೂ ಆಗಿದ್ದಿತು. ಆದುದರಿಂದ ಅದನ್ನು ನೆಲದ ಗುರಿಗಳನ್ನು ಹೊಡೆಯುವ ಫೈಟರ್-ಬಾಂಬರ್ ಆಗಿ ಮಾರ್ಪಡಿಸಿದರು. 20 ಮಿಲಿಮೀಟರಿನ 4 ಫಿರಂಗಿಗಳು ಅದರ ರೆಕ್ಕೆಗಳಲ್ಲಿದ್ದವು. ಇವುಗಳ ಜೊತೆಗೆ ಬಾಂಬುಗಳನ್ನಾಗಲಿ, 60 ಪೌಂಡು ತೂಕದ ಸಿಡಿತಲೆಯುಳ್ಳ 8 ರಾಕೆಟ್ಟುಗಳನ್ನಾಗಲಿ ಅದು ಹೊತ್ತೊಯ್ಯುತ್ತಿದ್ದಿತು.

ಜುಲೈ ತಿಂಗಳ ಕೊನೆಗೆ ಅಮೆರಿಕನ್ ಸೇನೆಯು ಜರ್ಮನ್ ವ್ಯೂಹವನ್ನು ಭೇದಿಸಿ, ಅವ್ರಾಂಶ್ ಪಟ್ಟಣದ ಮಾರ್ಗವಾಗಿ ದಕ್ಷಿಣಕ್ಕೆ ನುಗ್ಗಿತು. ಈ ಇಕ್ಕಟ್ಟಾದ ಮಾರ್ಗವನ್ನು ಕತ್ತರಿಸಬೇಕೆಂದು ಹಿಟ್ಲರನು ಆಜ್ಞಾಪಿಸಿದನು. ಆಗಸ್ಟ್ 6-7ರ ನಡುವಣ ರಾತ್ರಿ ಜರ್ಮನ್ ಟ್ಯಾಂಕುದಳಗಳು ಮಾರ್ಟೇನ್ ಕಡೆಯಿಂದ ಮುಂದುವರಿದವು. ಬೆಳಗಿನ ದಟ್ಟವಾದ ಮಂಜು ಅವುಗಳಿಗೆ ಮರೆಯಾಯಿತು. ಮಧ್ಯಾಹ್ನದ ವೇಳೆಗೆ ಮಂಜು ಕರಗಿತು; ಆಗ ಬ್ರಿಟಿಷ್ ಎರಡನೆಯ ಟ್ಯಾಕ್ಟಿಕಲ್ ವಾಯುಪಡೆಯ ಟೈಫೂನುಗಳು ಒಂದರ ಹಿಂದೊಂದು ತಂಡವಾಗಿ ಬಂದೆರಗಿದವು. ಅಂದು ಅವು ಹಾರಿದ ಸರದಿಗಳು 294. ಅಮೆರಿಕನ್ ವಿಮಾನಗಳು ಜರ್ಮನ್ ವಿಮಾನಗಳನ್ನು ದೂರದಲ್ಲಿಯೇ ತಡೆದವು.

ದಿನದ ಕೊನೆಗೆ ಬ್ರಿಟಿಷ್ ಚಾಲಕರ ವರದಿಗಳನ್ನು ಕೂಡಿಸಲಾಗಿ, ನಾಶವಾದ ಟ್ಯಾಂಕುಗಳು 84 ಎಂದಾಯಿತು. ಅಮೆರಿಕನ್ ವಿಮಾನಪಡೆಯು ಇನ್ನು 69ನ್ನು ತನ್ನ ಪಾಲಿಗೆ ಹೇಳಿಕೊಂಡಿತು. ಜರ್ಮನರು ಹಿಂದೆಗೆದ ತರುವಾಯ ಬ್ರಿಟಿಷ್ ಸಂಶೋಧನಾಧಿಕಾರಿಗಳು ರಣಭೂಮಿಯನ್ನು ಪ್ರವೇಶಿಸಿ, ಅಲ್ಲಿ ಉಳಿದಿದ್ದ ವಾಹನಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಅವರಿಗೆ ದೊರೆತ ಟ್ಯಾಂಕುಗಳು ಮತ್ತು ಸ್ವಯಂಚಾಲಿತ ಫಿರಂಗಿಗಳು ಒಟ್ಟು 46. ಅವುಗಳಲ್ಲಿ ವಿಮಾನದ ಆಯುಧಗಳಿಂದ ನಾಶವಾದವು 9 ಮಾತ್ರ. ಉಳಿದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭೂಸೇನೆಯ ಹೊಡೆತಕ್ಕೆ ಸಿಕ್ಕಿದ್ದವು. ಕೆಲವನ್ನು ಅವುಗಳ ಸಿಬ್ಬಂದಿಯೇ ತೊರೆದು ಹೋಗಿದ್ದರು. ಕೆಟ್ಟ ಟ್ಯಾಂಕುಗಳನ್ನು ಜರ್ಮನರು ಎಳೆದೊಯ್ದಿರಬಹುದೆಂದು ವಾದಿಸಬಹುದು. ಆದರೆ ಇಷ್ಟು ದೊಡ್ಡ ಅಂತರವನ್ನು ಆ ವಾದವು ತುಂಬಲಾರದು.

ಹಾಗಾದರೆ ಚಾಲಕರು ಸುಳ್ಳು ಹೇಳಿದರೆ? ಹಾಗೆ ತಿಳಿಯಲು ಕಾರಣವಿಲ್ಲ. ರಾಕೆಟ್ಟನ್ನು ಒಮ್ಮೆ ಬಿಟ್ಟಮೇಲೆ ಅದರ ದಾರಿಯನ್ನು ತಿದ್ದುವ ಉಪಾಯವಿರಲಿಲ್ಲ. ಗಾಳಿಯೂ ಅದರ ತೂಕವೂ ಅದನ್ನು ಗುರಿಯಿಂದ ಸರಿಸುತ್ತಿದ್ದವು. ಸಿಡಿತದಿಂದೆದ್ದ ಹೊಗೆ ಮತ್ತು ಧೂಳಿನ ನಡುವೆ, ಮಹಾವೇಗದಿಂದ ಮೇಲೇರುತ್ತಿದ್ದ ಚಾಲಕನು ಫಲವನ್ನು ನಿಂತು ನೋಡುವಂತಿರಲಿಲ್ಲ. ಒಂದೇ ಟ್ಯಾಂಕನ್ನು ಹಲವರು ಹೊಡೆದರು, ಹಲವರು ಎಣಿಸಿದರು. ಮೊದಲೇ ಕೆಟ್ಟು ನಿಂತ ಟ್ಯಾಂಕು ಸಹ ಆಕಾಶದಿಂದ ಸಜೀವವಾಗಿಯೇ ಕಾಣುತ್ತಿದ್ದಿತು. ಎರಡು ಸೇನೆಗಳೂ ಬೆರೆತುಹೋಗಿದ್ದುದರಿಂದ, ಅಮೆರಿಕನ್ ಸೈನಿಕರು ಸಹ ಕೆಲವೆಡೆ ಟೈಫೂನುಗಳ ದಾಳಿಗೆ ಗುರಿಯಾದರು.

ಆದರೆ 9 ಎಂಬ ಅಂಕಿಯೊಂದನ್ನೇ ಹಿಡಿದು ತೀರ್ಪುಕೊಡುವುದೂ ಸರಿಯಲ್ಲ. ಮಧ್ಯಾಹ್ನ ಒಂದು ಗಂಟೆಯಿಂದ ತಮ್ಮ ಮುನ್ನಡೆ ನಿಂತುಹೋಗಿದೆಯೆಂದೂ, ಶತ್ರುವಿನ ಫೈಟರ್-ಬಾಂಬರುಗಳ ಸಂಖ್ಯಾಬಲವೂ ತಮ್ಮ ವಿಮಾನಗಳ ಅಭಾವವೂ ಅದಕ್ಕೆ ಕಾರಣವೆಂದೂ ಜರ್ಮನ್ ಏಳನೆಯ ಸೇನೆಯು ಅಂದೇ ವರದಿಮಾಡಿತು. ಸೋತವನ ನೆವವೆಂದು ಇದರಲ್ಲಿ ಸ್ವಲ್ಪವನ್ನು ಕಳೆಯಬೇಕು. ಬೆಟ್ಟದ ಮೇಲೆ ಸುತ್ತುವರಿಯಲ್ಪಟ್ಟರೂ ಕದಲದೆ ನಿಂತು ಫಿರಂಗಿದಳಕ್ಕೆ ಗುರಿಯನ್ನು ತಿಳಿಸುತ್ತಿದ್ದ ಅಮೆರಿಕನ್ ಪದಾತಿಗಳ ಪಾತ್ರವನ್ನೂ ಮರೆಯಬಾರದು. ಆದರೂ ಸಾರಾಂಶ ಸ್ಪಷ್ಟವಾಗಿದೆ. ರಾಕೆಟ್ಟು ಟ್ಯಾಂಕನ್ನು ಮುಟ್ಟದಿದ್ದರೂ ಒಳಗಿದ್ದವರ ಧೈರ್ಯವನ್ನು ಮುಟ್ಟಿತು. ಟ್ಯಾಂಕುಗಳು ಮರಗಳ ಮರೆಯನ್ನು ಹೊಕ್ಕವು. ಟ್ಯಾಂಕಿನಷ್ಟು ದಪ್ಪವಾದ ಕವಚವಿಲ್ಲದ ವಾಹನಗಳು ಫಿರಂಗಿಯ ಗುಂಡುಗಳಿಗೂ ಸುಲಭವಾಗಿ ತುತ್ತಾಗುತ್ತಿದ್ದವು. ಅವಿಲ್ಲದೆ ಟ್ಯಾಂಕು ಮುಂದುವರಿಯಲಾರದು. ಇಡೀ ದಾಳಿಗೆ ವೇಳೆಯೇ ಪ್ರಾಣವಾಗಿದ್ದಾಗ, ತಡೆಯುವುದೇ ಕೆಡಿಸಿದಂತೆ.

ಈ ಕಾರ್ಯಕ್ಕೆ ತೆತ್ತ ಬೆಲೆಯೂ ಅಲ್ಪವಲ್ಲ. ನಾರ್ಮಂಡಿಯ ನುವಾಯೆ-ಬೊಕಾಜ್ ಎಂಬಲ್ಲಿರುವ ಸ್ಮಾರಕದಲ್ಲಿ, 1944ರ ಆ ಬೇಸಗೆಯಲ್ಲಿ ಮಡಿದ 151 ಮಂದಿ ಟೈಫೂನ್ ಚಾಲಕರ ಹೆಸರುಗಳನ್ನು ಕೆತ್ತಿದ್ದಾರೆ. ಅವರ ಗೌರವಕ್ಕಾಗಿ 84 ಎಂಬ ಅಂಕಿಯನ್ನು ಕಾಪಾಡಬೇಕಾದುದಿಲ್ಲ. 9 ಎಂಬ ಅಂಕಿಯಿಂದ ಅವರ ಶ್ರಮವು ಹುಸಿಯಾಗುವುದೂ ಇಲ್ಲ. ಚಾಲಕನ ವರದಿಯು ಅವನು ಕಂಡುದಕ್ಕೆ ಸಾಕ್ಷಿ. ನೆಲದ ಪರೀಕ್ಷೆಯು ನಾಶವಾದುದಕ್ಕೆ ಸಾಕ್ಷಿ. ಶತ್ರುವಿನ ವರದಿಯು ಅನುಭವಿಸಿದುದಕ್ಕೆ ಸಾಕ್ಷಿ. ಈ ಮೂರನ್ನೂ ಎದುರುಬದುರಾಗಿ ಇಟ್ಟು, ಒಂದೊಂದಕ್ಕೂ ಅದರ ಎಲ್ಲೆಯನ್ನು ಗೊತ್ತುಮಾಡುವುದೇ ಇತಿಹಾಸ ವಿದ್ಯಾರ್ಥಿಯ ಕೆಲಸವೆಂದು ನಾವು ಭಾವಿಸುತ್ತೇವೆ.