ಘಾನಾ ವೀಸಾಕ್ಕೆ ಹಳದಿ ಕಾರ್ಡು ಏಕೆ?

ಗುಂಡ್ಲುಪೇಟೆಯಿಂದ ಕೇರಳಕ್ಕೆ ಹೋಗುವ ಹೆದ್ದಾರಿಯಲ್ಲಿ, ಬಂಡೀಪುರದ ಕಾಡಿನೊಳಗೆ, ಮೂಲೆಹೊಳೆ ಚೆಕ್‌ಪೋಸ್ಟ್ ಇದೆ. ಕೊರೊನಾ ಹಾವಳಿಯ ಕಾಲದಲ್ಲಿ, 2021ರಲ್ಲಿ, ಕೇರಳದಿಂದ ಬರುವವರು ಇಲ್ಲಿ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ತೋರಿಸಬೇಕಿತ್ತು. ಇಲ್ಲದವರು ಬಂದ ದಾರಿಗೆ ಸುಂಕವಿಲ್ಲವೆಂದು ಹಿಂತಿರುಗಬೇಕಿತ್ತು. ಗಡಿ ದಾಟಲು ಆರೋಗ್ಯದ ಚೀಟಿಯೂ ಬೇಕೆಂಬುದು ಚಾಮರಾಜನಗರ ಜಿಲ್ಲೆಯ ಜನರಿಗೆ ಹೊಸ ಅನುಭವ. ಪಶ್ಚಿಮ ಆಫ್ರಿಕಕ್ಕೆ ಹೋಗುವವರಿಗೆ ಮಾತ್ರ ಇದು ದಶಕಗಳಷ್ಟು ಹಳೆಯ ನಿಯಮ.

ಹೊರದೇಶವೆಂದರೆ ಅಮೆರಿಕ, ದುಬೈ ಎನ್ನುವ ಕಾಲ ಹೋಯಿತು. ಪಕ್ಕದ ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ಹಕ್ಕಿಪಿಕ್ಕಿ ಜನ ಕೂದಲೆಣ್ಣೆ ಮಾರಲು ಆಫ್ರಿಕದ ದೇಶಗಳಿಗೆ ಹೋಗಿಬರುತ್ತಾರೆ. ನಾಳೆ ನಮ್ಮ ಮಕ್ಕಳೂ ಉದ್ಯೋಗಕ್ಕೆಂದು ಅತ್ತ ಹೊರಡಬಹುದು. ಘಾನಾ ದೇಶವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಸಾಮಾನ್ಯ ಪಾಸ್‌ಪೋರ್ಟ್ ಹೊಂದಿದ ಭಾರತೀಯರು ಅಲ್ಲಿಗೆ ಹೋಗಲು ವೀಸಾ ಪಡೆಯಬೇಕು. ಪಾಸ್‌ಪೋರ್ಟ್, ಭಾವಚಿತ್ರ, ಆಹ್ವಾನ ಪತ್ರ ಅಥವಾ ತಂಗುವ ವ್ಯವಸ್ಥೆಯ ವಿವರ ಇವೆಲ್ಲ ಯಾವ ದೇಶದವರಾದರೂ ಕೇಳುವಂಥವೇ. ಇವುಗಳ ಜೊತೆಗೆ ಘಾನಾ ಕೇಳುವುದು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ. ಹಳದಿ ಬಣ್ಣದ ಈ ಪುಟ್ಟ ಕಾರ್ಡು ಒಂಬತ್ತು ತಿಂಗಳು ತುಂಬಿದ ಎಲ್ಲ ಪ್ರಯಾಣಿಕರಿಗೂ ಕಡ್ಡಾಯ.

ಅಸಿಬಿಯ ರಕ್ತದಿಂದ ಲಸಿಕೆ

ಹಳದಿ ಜ್ವರ ವೈರಸ್‌ನಿಂದ ಬರುವ ರೋಗ. ಸೊಳ್ಳೆ ಇದರ ವಾಹಕ. ರೋಗ ಉಲ್ಬಣಿಸಿದರೆ ಪಿತ್ತಜನಕಾಂಗ ಕೆಟ್ಟು ಕಣ್ಣು, ಚರ್ಮ ಹಳದಿಯಾಗುತ್ತವೆ. ಹೆಸರು ಬಂದದ್ದೇ ಹಾಗೆ. ಸೋಜಿಗವೆಂದರೆ, ಇದರ ಲಸಿಕೆಯ ಕಥೆಯೂ ಘಾನಾದಲ್ಲೇ ಆರಂಭವಾಗುತ್ತದೆ. ಆಗ ಗೋಲ್ಡ್ ಕೋಸ್ಟ್ ಎನಿಸಿಕೊಂಡಿದ್ದ ಆ ನಾಡಿನಲ್ಲಿ 1927ರಲ್ಲಿ ಅಸಿಬಿ ಎಂಬ ರೋಗಿಯ ರಕ್ತದಿಂದ ವಿಜ್ಞಾನಿಗಳು ಈ ವೈರಸ್ಸನ್ನು ಬೇರ್ಪಡಿಸಿದರು. ಅಸಿಬಿ ಬದುಕಿಕೊಂಡ. ಸಂಶೋಧಕರೇ ಬಲಿಯಾದರು! ಅದೇ ವರ್ಷ ಏಡ್ರಿಯನ್ ಸ್ಟೋಕ್ಸ್, ಮರುವರ್ಷ ಅಕ್ರಾದಲ್ಲಿ ಜಪಾನಿನ ಹಿಡೆಯೊ ನೊಗುಚಿ ಇದೇ ಜ್ವರದಿಂದ ತೀರಿಕೊಂಡರು. ಅಸಿಬಿಯಿಂದ ಪಡೆದ ವೈರಸ್ಸನ್ನೇ ಮ್ಯಾಕ್ಸ್ ಥೈಲರ್ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಬೆಳೆಸಿ ದುರ್ಬಲಗೊಳಿಸಿ, 1937ರಲ್ಲಿ 17ಡಿ ಎಂಬ ಲಸಿಕೆ ರೂಪಿಸಿದರು. ಥೈಲರ್‌ಗೆ 1951ರ ನೊಬೆಲ್ ಪ್ರಶಸ್ತಿ ಸಂದಿತು. ಇಂದಿಗೂ ಹಾಕುವುದು ಅದೇ ತಳಿಯ ಲಸಿಕೆ.

ಹಿಂತಿರುಗುವಾಗಲೂ ಬೇಕು

ಕಾರ್ಡಿನ ಕೆಲಸ ಅಕ್ರಾ ವಿಮಾನ ನಿಲ್ದಾಣದಲ್ಲಿ ಮುಗಿಯುವುದಿಲ್ಲ. ಹಳದಿ ಜ್ವರವಿರುವ ದೇಶದಿಂದ ಹೊರಟು ಆರು ದಿನಗಳೊಳಗೆ ಭಾರತಕ್ಕೆ ಬರುವವರು ಅದನ್ನು ತೋರಿಸಲೇಬೇಕು. ಇಲ್ಲದಿದ್ದರೆ, ಭಾರತೀಯರೇ ಆದರೂ, ಆರು ದಿನಗಳವರೆಗೆ ಪ್ರತ್ಯೇಕ ವಾಸ! ವೈರಸ್ ದೇಹ ಹೊಕ್ಕ ಮೇಲೆ ರೋಗಲಕ್ಷಣ ಕಾಣಲು ಸಾಮಾನ್ಯವಾಗಿ ಮೂರರಿಂದ ಆರು ದಿನ ಬೇಕು. ಆರರ ಲೆಕ್ಕ ಅಲ್ಲಿಂದ ಬಂದದ್ದು.

ಇಷ್ಟು ಬಿಗಿ ಏಕೆ? ಭಾರತದಲ್ಲಿ ಹಳದಿ ಜ್ವರವಿಲ್ಲ. ಆದರೆ ಅದನ್ನು ಹರಡಬಲ್ಲ ಈಡಿಸ್ ಈಜಿಪ್ಟಿ ಸೊಳ್ಳೆ ಧಾರಾಳವಾಗಿದೆ. ಮನೆಮುಂದಿನ ತೊಟ್ಟಿ, ಡ್ರಮ್ಮು, ಹಳೆಯ ಟೈರುಗಳಲ್ಲಿ ಮೊಟ್ಟೆಯಿಟ್ಟು ಡೆಂಗಿ ಹರಡುವುದೂ ಇದೇ. ಒಲೆ, ಸೌದೆ ಎರಡೂ ಸಿದ್ಧವಿವೆ. ಕಿಡಿ ಮಾತ್ರ ಬಂದಿಲ್ಲ. 2016ರಲ್ಲಿ ಅಂಗೋಲದಿಂದ ಮರಳಿದವರ ಮೂಲಕ ಚೀನಾದಲ್ಲಿ 11 ಪ್ರಕರಣಗಳು ಕಾಣಿಸಿಕೊಂಡವು. ಅದೃಷ್ಟಕ್ಕೆ ಅಲ್ಲಿ ಸೋಂಕು ಹರಡಲಿಲ್ಲ. ಕೂಲಿಯಾಗಲಿ, ಎಂಜಿನಿಯರಾಗಲಿ, ಲಸಿಕೆಯಿಲ್ಲದೆ ಹೋಗಿಬಂದ ಒಬ್ಬರಿಂದ ಊರಿಗೇ ಅಪಾಯ ತಗಲಬಹುದು.

ಹೊರಡುವವರು ಗಮನಿಸಿ

ಮೊದಲು ಪಾಸ್‌ಪೋರ್ಟ್. ಅಂಚೆ ಕಚೇರಿಯಲ್ಲಿ ತೆರೆದ ದೇಶದ ಮೊದಮೊದಲ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ಮೈಸೂರಿನದೂ ಒಂದು (2017). ಆಮೇಲೆ ಲಸಿಕೆ. ಇದು ಔಷಧಿ ಅಂಗಡಿಯಲ್ಲಿ ಸಿಗದು. ಕೇಂದ್ರ ಆರೋಗ್ಯ ಸಚಿವಾಲಯ ಮಾನ್ಯ ಮಾಡಿದ ಕೇಂದ್ರಗಳಲ್ಲೇ ಹಾಕಿಸಿಕೊಳ್ಳಬೇಕು. ಬೆಂಗಳೂರಿನಲ್ಲಿ ಅಂಥ ಸೌಲಭ್ಯವಿದೆ. ಹೋಗುವ ಮುನ್ನ ದಿನ ಗೊತ್ತುಮಾಡಿಕೊಂಡು, ಪಾಸ್‌ಪೋರ್ಟನ್ನೂ ಒಯ್ಯಬೇಕು. ಗರ್ಭಿಣಿಯರು, ಮೊಟ್ಟೆಯ ಅಲರ್ಜಿಯುಳ್ಳವರು, 60 ದಾಟಿದವರು ಮೊದಲು ವೈದ್ಯರಿಗೆ ತಿಳಿಸಬೇಕು.

ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರವೇ ಕಾರ್ಡಿಗೆ ಬೆಲೆ. ಹಿಂದೆ ಹತ್ತು ವರ್ಷಕ್ಕೊಮ್ಮೆ ಮರುಲಸಿಕೆ ಬೇಕಿತ್ತು. 2016ರ ಜುಲೈನಿಂದ ಒಂದೇ ಡೋಸು ಜೀವನಪರ್ಯಂತ ಸಲ್ಲುತ್ತದೆ. ವೀಸಾ ಶುಲ್ಕ, ನಮೂನೆಗಳು ಬದಲಾಗುತ್ತಿರುತ್ತವೆ. ದೆಹಲಿಯ ಘಾನಾ ಹೈಕಮಿಷನ್ನಿನಲ್ಲೇ ವಿಚಾರಿಸುವುದು ಕ್ಷೇಮ. ಹಣ ಕೊಟ್ಟರೆ ಚುಚ್ಚುಮದ್ದಿಲ್ಲದೆಯೇ ಕಾರ್ಡು ಕೊಡಿಸುತ್ತೇವೆ ಎನ್ನುವವರ ಮಾತಿಗೆ ಮಾತ್ರ ಮರುಳಾಗಬಾರದು. ನಕಲಿ ಕಾರ್ಡು ಅಧಿಕಾರಿಯ ಕಣ್ಣು ತಪ್ಪಿಸಬಹುದು, ಸೊಳ್ಳೆಯ ಬಾಯಿ ತಪ್ಪಿಸದು.