ಎದೆಹಾಲಿನಲ್ಲಿ ಕೂಸಿಗೆ ದಕ್ಕದ ಸಕ್ಕರೆ

ಮೊಮ್ಮಗನಿಗೆ ಎರಡು ತಿಂಗಳು, ಎದೆಹಾಲು ಕುಡಿಯುತ್ತಾನೆ. ಪ್ರೋಬಯಾಟಿಕ್ ಹನಿ ಹಾಕಬೇಕೆ? (ಓದುಗರು, ಕಂಪ್ಲಿ)

ಆರೋಗ್ಯವಂತ ಕೂಸಿಗೆ ಸಾಮಾನ್ಯವಾಗಿ ಬೇಡ. ಎದೆಹಾಲಿನಲ್ಲಿ ಕೂಸಿಗೇ ಜೀರ್ಣವಾಗದ ಸಕ್ಕರೆಗಳಿವೆ, ನೂರಕ್ಕೂ ಹೆಚ್ಚು ಬಗೆ! ಅವು ದೊಡ್ಡ ಕರುಳಿನವರೆಗೆ ಹಾಗೇ ಇಳಿದು ಬಿಫಿಡೊಬ್ಯಾಕ್ಟೀರಿಯಾ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತವೆ. ಉಂಡ ಬ್ಯಾಕ್ಟೀರಿಯಾಗಳು ಆಮ್ಲ ಬಿಡುತ್ತವೆ. ಆ ಹುಳಿಯಲ್ಲಿ ರೋಗಾಣುಗಳು ಸುಲಭವಾಗಿ ಬೆಳೆಯವು. ನಿಮ್ಮೂರ ಗದ್ದೆಯಲ್ಲಿ ಭತ್ತದ ಪೈರು ಮೊದಲೇ ಒತ್ತಾಗಿ ಹಬ್ಬಿದರೆ ಕಳೆಗೆ ಜಾಗ ಸಿಗುವುದಿಲ್ಲವಲ್ಲ, ಹಾಗೆ.

ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಹೊರಗಿನಿಂದ ಕೊಡುವ ಪ್ರೋಬಯಾಟಿಕ್ ಹನಿ ಬರೀ ವ್ಯಾಪಾರವೆಂದಲ್ಲ. ಒಡಿಶಾದ ಹಳ್ಳಿಗಳ 4,556 ನವಜಾತ ಶಿಶುಗಳ ಅಧ್ಯಯನ 2017ರಲ್ಲಿ ಪ್ರಕಟವಾಯಿತು: ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಂ ಎಂಬ ಬ್ಯಾಕ್ಟೀರಿಯಾ ಪಡೆದವರಲ್ಲಿ ನಂಜು ಮತ್ತು ಸಾವು ಒಟ್ಟಾರೆ ಶೇ. 40ರಷ್ಟು ಕಡಿಮೆ. ಆದರೆ ಅದು ಒಂದೇ ತಳಿ, ಒಂದು ನಿರ್ದಿಷ್ಟ ಸಕ್ಕರೆಯ ಜೊತೆ. ಅಂಗಡಿಯ ಎಲ್ಲ ಸೀಸೆಗಳಿಗೂ ಆ ಮಾತು ಸಲ್ಲದು. ಅವಧಿಗೆ ಮುನ್ನ ಹುಟ್ಟಿದ ಕೂಸಿಗಂತೂ ಮಕ್ಕಳ ವೈದ್ಯರು ಹೇಳದೆ ಹಾಕಬೇಡಿ.